ಮನೆಯೊಳಗಿನ ಅರಿವು: ಶರಣೆ ಆಯ್ದಕ್ಕಿ ಲಕ್ಕಮ್ಮನವರು

ಶ್ರೀಮಠದ ಕಚೇರಿಯಲ್ಲಿ ಕೆಲವು ವರ್ಷ ಕುಳಿತವರಿಗೆ ಒಂದು ಸಂಗತಿ ತಾನಾಗಿಯೇ ತಿಳಿಯುತ್ತದೆ. ಪೂಜ್ಯರ ದರ್ಶನಕ್ಕೆ ಬರುವ ಸದ್ಭಕ್ತರಲ್ಲಿ ಷಟ್‌ಸ್ಥಲದ ಕುರಿತೋ ಅಷ್ಟಾವರಣದ ಕುರಿತೋ ಕೇಳುವವರು ವಿರಳ. ಹೊಲವನ್ನು ಲಾವಣಿಗೆ ಕೊಡಬೇಕೆ, ಮಗಳನ್ನು ದೂರದ ಊರಿನ ಕಾಲೇಜಿಗೆ ಕಳುಹಿಸಬೇಕೆ, ಬತ್ತಿದ ಕೊಳವೆಬಾವಿಯ ಪಕ್ಕದಲ್ಲಿ ಸಾಲ ಮಾಡಿ ಮತ್ತೊಂದನ್ನು ಕೊರೆಸಬೇಕೆ, ಅಣ್ಣತಮ್ಮಂದಿರು ಬೇರೆಯಾಗುವಾಗ ಹಿರಿಯರ ಮನೆ ಯಾರ ಪಾಲಿಗೆ ಹೋಗಬೇಕು ಎಂಬಂಥ ಪ್ರಶ್ನೆಗಳೇ ಹೆಚ್ಚು. ಇದನ್ನು ನಾವು ಕೊರತೆಯೆಂದು ಹೇಳುತ್ತಿಲ್ಲ. ಬದುಕು ನಡೆಯುವುದೇ ಇಂತಹ ತೀರ್ಮಾನಗಳ ಮೇಲೆ. ಪೂಜ್ಯರು ಎಲ್ಲವನ್ನೂ ಸಮಾಧಾನದಿಂದ ಕೇಳುತ್ತಾರೆ. ಕೇಳಿದ ಮೇಲೆ ಹೆಚ್ಚಾಗಿ ಅವರು ಮೊದಲು ವಿಚಾರಿಸುವುದು, ಈ ವಿಷಯದಲ್ಲಿ ಮನೆಯವರ ಅಭಿಪ್ರಾಯವೇನು ಎಂದು. ಆಗ ಎಷ್ಟೋ ಜನ ಯಜಮಾನರು ತಡವರಿಸುವುದನ್ನು ನಾವು ಕಂಡಿದ್ದೇವೆ. ಐವತ್ತು ಕಿಲೋಮೀಟರ್ ದೂರದಿಂದ ಮಠಕ್ಕೆ ಬಂದಿರುತ್ತಾರೆ, ಪಡಸಾಲೆಯಿಂದ ಅಡುಗೆಮನೆಗೆ ಹೋಗಿರುವುದಿಲ್ಲ.

ಹೀಗೆ ತಡವರಿಸುವವರನ್ನು ಕಂಡಾಗಲೆಲ್ಲ ನಮಗೆ ನೆನಪಾಗುವವರು ಶರಣೆ ಆಯ್ದಕ್ಕಿ ಲಕ್ಕಮ್ಮನವರು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಾಳಿದ ಈ ತಾಯಿಯ ಹೆಸರನ್ನು ಅರಿಯದ ಲಿಂಗಾಯತ ಮನೆ ಇರಲಾರದು. ಆದರೆ ಅವರ ಕಥೆಯನ್ನು ನಾವು ಹೆಚ್ಚಾಗಿ ಕಾಯಕನಿಷ್ಠೆಯ ದೃಷ್ಟಾಂತವಾಗಿ ಮಾತ್ರ ಹೇಳುತ್ತ ಬಂದಿದ್ದೇವೆ. ನಿತ್ಯದ ಒಂದು ಸಣ್ಣ ನಿರ್ಧಾರದಲ್ಲಿ ಅರಿವುಳ್ಳವರ ಮಾತನ್ನು ಹೇಗೆ ಕೇಳಬೇಕು, ಹೇಗೆ ಹೇಳಬೇಕು ಎಂಬುದಕ್ಕೂ ಅವರ ಬಾಳು ಸಾಕ್ಷಿಯಾಗಿದೆ. ಇಲ್ಲಿ ನಾವು ಆ ಬದಿಯಿಂದ ಅವರ ಜೀವನವನ್ನು ನೋಡಲು ಯತ್ನಿಸಿದ್ದೇವೆ.

ಲಕ್ಕಮ್ಮನವರು ಮತ್ತು ಅವರ ಪತಿ ಮಾರಯ್ಯನವರು ಇಂದಿನ ರಾಯಚೂರು ಜಿಲ್ಲೆ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದ ಕಡೆಯವರು. ಗುರುಗುಂಟಾದ ಸಮೀಪದ ಆ ಕ್ಷೇತ್ರದ ಅಮರೇಶ್ವರಲಿಂಗದ ಹೆಸರನ್ನೇ ಮಾರಯ್ಯನವರು ತಮ್ಮ ವಚನಗಳ ಅಂಕಿತವಾಗಿ ಇಟ್ಟುಕೊಂಡರು. ಕಲ್ಯಾಣದಲ್ಲಿ ಬಸವಣ್ಣನವರು ಜಾತಿ, ಕುಲ, ಸಿರಿತನಗಳ ಭೇದವಿಲ್ಲದ ಶರಣ ಸಮಾಜವೊಂದನ್ನು ಕಟ್ಟುತ್ತಿರುವ ವಾರ್ತೆ ನಾಡಿನ ಮೂಲೆಮೂಲೆಗೂ ಹರಡಿತ್ತು. ಎಷ್ಟೋ ದೂರದಿಂದ ಜನ ಊರುಮನೆ ಬಿಟ್ಟು ಅಲ್ಲಿಗೆ ಬರುತ್ತಿದ್ದರು. ಈ ದಂಪತಿಗಳೂ ಹಾಗೆಯೇ ಹೊರಟರು. ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣದವರೆಗಿನ ಆ ದಾರಿಯನ್ನು ಅವರು ಕೈಯಲ್ಲಿ ಏನನ್ನೂ ಇಟ್ಟುಕೊಳ್ಳದೆ ನಡೆದಿರಬೇಕು. ಅವರ ವಚನಗಳಲ್ಲಿ ಬಡತನದ ಮಾತು ಮತ್ತೆ ಮತ್ತೆ ಬರುತ್ತದೆ. ಆದರೆ ಆ ಮಾತು ಅಳಲಾಗಿ ಎಲ್ಲಿಯೂ ಕೇಳಿಬರುವುದಿಲ್ಲ. ದೇಹಕ್ಕೆ ಬಡತನ ಬಂದೀತು, ಮನಸ್ಸಿಗೆ ಅದು ಬರಬೇಕಾಗಿಲ್ಲ ಎಂಬುದು ಲಕ್ಕಮ್ಮನವರ ನಿಲುವು. ಬೆಟ್ಟ ಎಷ್ಟೇ ಗಟ್ಟಿಯಾಗಿದ್ದರೂ ಸಣ್ಣ ಉಳಿಯ ಮೊನೆಗೆ ಅದು ಒಡೆಯುತ್ತದೆಂಬ ಹೋಲಿಕೆಯನ್ನು ಅವರು ಕೊಡುತ್ತಾರೆ. ಕೂಲಿ ಮಾಡಿ ಬದುಕಿದವರ ಕಣ್ಣಿಗೇ ಇಂತಹ ಹೋಲಿಕೆ ಬೀಳುತ್ತದೆ.

ಕಲ್ಯಾಣದಲ್ಲಿ ಅವರು ಆರಿಸಿಕೊಂಡ ಕಾಯಕ ವಿಚಿತ್ರವೆನಿಸುವಷ್ಟು ಸಣ್ಣದು. ಬಸವಣ್ಣನವರ ಮಹಾಮನೆಯಲ್ಲಿ ದಿನವೂ ದಾಸೋಹ. ಅಕ್ಕಿಯನ್ನು ಅಳೆಯುವಾಗ, ಹೊರುವಾಗ, ಕೇರುವಾಗ ಅಂಗಳದಲ್ಲಿ ಕಾಳುಗಳು ಚೆಲ್ಲುತ್ತವೆ. ತುಳಿತಕ್ಕೆ ಸಿಕ್ಕಿ ಮಣ್ಣುಪಾಲಾಗುವ ಆ ಕಾಳುಗಳನ್ನು ಮಾರಯ್ಯನವರು ಒಂದೊಂದಾಗಿ ಆಯ್ದು ತರುತ್ತಿದ್ದರು. ಲಕ್ಕಮ್ಮನವರು ಅದನ್ನು ಹಸನುಮಾಡಿ ಅಡುಗೆ ಮಾಡಿ, ಜಂಗಮರಿಗೆ ನೀಡಿ, ಆ ಪ್ರಸಾದವನ್ನು ತಾವು ಸ್ವೀಕರಿಸುತ್ತಿದ್ದರು. ಆಯ್ದ ಅಕ್ಕಿಯಿಂದಲೇ ಅವರಿಗೆ ಆಯ್ದಕ್ಕಿ ಎಂಬ ಹೆಸರು ನಿಂತಿತು. ಮಹಾಮನೆಯ ಪಂಕ್ತಿಯಲ್ಲಿಯೇ ಕುಳಿತು ಉಣ್ಣಲು ಅವರಿಗೆ ಯಾರ ಅಡ್ಡಿಯೂ ಇರಲಿಲ್ಲ. ಆದರೂ ಉಣ್ಣುವವರ ಸಾಲಿನಲ್ಲಿ ಕುಳಿತುಕೊಳ್ಳದೆ ನೀಡುವವರ ಸಾಲಿನಲ್ಲಿ ನಿಲ್ಲಲು ಅವರು ಬಯಸಿದರು. ಅದಕ್ಕೆ ಬೇಕಾದ ಬಂಡವಾಳ ಬೇರೆಯವರ ಅಂಗಳದಲ್ಲಿ ಚೆಲ್ಲಿದ ಕಾಳು, ಬಗ್ಗುವ ಬೆನ್ನು, ಇಷ್ಟೇ.

ಇಲ್ಲೊಂದು ಮಾತು ಹೇಳಿ ಮುಂದುವರಿಯುತ್ತೇವೆ. ಆಯ್ದಕ್ಕಿ ಮಾರಯ್ಯನವರೇ ಬೇರೆ, ಮೋಳಿಗೆ ಮಾರಯ್ಯನವರೇ ಬೇರೆ. ಪ್ರವಚನಗಳಲ್ಲಿಯೂ ಈ ಎರಡು ಹೆಸರುಗಳು ಕಲಸಿಹೋಗುವುದನ್ನು ಕೇಳಿದ್ದೇವೆ. ಮೋಳಿಗೆ ಮಾರಯ್ಯನವರು ಕಾಶ್ಮೀರದ ಅರಸೊತ್ತಿಗೆ ಬಿಟ್ಟು ಬಂದು ಕಟ್ಟಿಗೆಯ ಹೊರೆ ಮಾರಿದವರೆಂದು ಪರಂಪರೆ ಹೇಳುತ್ತದೆ. ಸೋಜಿಗವೆಂದರೆ ಅವರ ಮಡದಿ ಮಹಾದೇವಮ್ಮನವರೂ ಪತಿಗೆ ಅರಿವಿನ ಮಾತು ಹೇಳಿದವರೇ. ಹೆಂಡತಿಯ ಬಾಯಿಂದ ಬಂದ ತಿಳಿವನ್ನು ತಲೆಬಾಗಿ ಕೇಳಿದ ಇಬ್ಬರು ಮಾರಯ್ಯಂದಿರು ಒಂದೇ ಊರಿನಲ್ಲಿ, ಒಂದೇ ಕಾಲದಲ್ಲಿ ಇದ್ದರು. ಕಲ್ಯಾಣದ ಗಾಳಿಯೇ ಹಾಗಿತ್ತು.

ಲಕ್ಕಮ್ಮನವರ ಬದುಕಿನ ಮುಖ್ಯ ಘಟನೆಗಳು ನಮಗೆ ದೊರೆಯುವುದು ಶೂನ್ಯಸಂಪಾದನೆಯಲ್ಲಿ. ಶರಣರ ವಚನಗಳನ್ನು ಸಂವಾದದ ರೂಪದಲ್ಲಿ ಜೋಡಿಸಿದ ಆ ಮಹಾಗ್ರಂಥದಲ್ಲಿ ಆಯ್ದಕ್ಕಿ ಮಾರಯ್ಯನವರದೇ ಒಂದು ಪ್ರಕರಣವಿದೆ. ಹೆಸರು ಮಾರಯ್ಯನವರದಾದರೂ ಪ್ರಕರಣದ ಬೆಳಕೆಲ್ಲ ಲಕ್ಕಮ್ಮನವರ ಮೇಲಿದೆ.

ಮಾರಯ್ಯನವರಿಗೆ ತಮ್ಮ ಕಾಯಕದ ಮೇಲೆ ಅಪಾರವಾದ ನಿಷ್ಠೆ. ಕಾಯಕವೇ ಕೈಲಾಸವೆಂದು ನಾವು ಇಂದು ಗೋಡೆಯ ಮೇಲೆ ಬರೆಸುವ ತತ್ತ್ವ ಅವರ ವಚನದಲ್ಲಿ ಮೂಡಿದ್ದು. ಕಾಯಕದಲ್ಲಿ ತೊಡಗಿದವನು ಗುರುದರ್ಶನವನ್ನೂ ಲಿಂಗಪೂಜೆಯನ್ನೂ ಮರೆಯಬೇಕು, ಜಂಗಮ ಎದುರಿಗೆ ಬಂದು ನಿಂತರೂ ಹಂಗು ಹರಿದುಕೊಳ್ಳಬೇಕು ಎನ್ನುವವರೆಗೆ ಅವರು ಹೋಗುತ್ತಾರೆ. ಒಂದು ದಿನ ಅವರು ಅಲ್ಲಮಪ್ರಭುಗಳ ಸನ್ನಿಧಿಗೆ ಬಂದರು. ಕಾಯಕದ ಹಿರಿಮೆಯನ್ನು ಹೇಳಿದರು. ಪ್ರಭುದೇವರು ಯಾರ ಹಿರಿಮೆಯನ್ನೂ ಹಾಗೆಯೇ ಒಪ್ಪಿ ಬಿಡುವವರಲ್ಲ. ಮಾಡುತ್ತೇನೆ, ನೀಡುತ್ತೇನೆ ಎಂಬ ಭಾವ ಉಳಿದಿರುವವರೆಗೆ ಆ ಮಾಟದಲ್ಲಿ ಅರಿವು ಎಲ್ಲಿದೆ ಎಂಬ ಕಡೆಗೆ ಮಾತನ್ನು ತಿರುಗಿಸಿದರು. ಮಾರಯ್ಯನವರು ಬೆರಗಾಗಿ ಕೇಳುತ್ತ ಕುಳಿತರು. ಹೊತ್ತು ಏರಿತು. ಕಾಯಕಕ್ಕಾಗಿ ಗುರುವನ್ನೂ ಮರೆಯಬೇಕೆಂದವರು ಗುರುಸನ್ನಿಧಿಯಲ್ಲಿ ಕಾಯಕವನ್ನೇ ಮರೆತರು.

ಅಲ್ಲಿಗೆ ಲಕ್ಕಮ್ಮನವರು ಬಂದರು. ಕಾಯಕ ನಿಂತಿದೆ, ಏಳಬೇಕು ಎಂದು ಪತಿಗೆ ನೆನಪಿಸಿದರು.

ಈ ಸನ್ನಿವೇಶವನ್ನು ಒಂದು ಕ್ಷಣ ಮನಸ್ಸಿಗೆ ತಂದುಕೊಳ್ಳಬೇಕು. ಕುಳಿತಿರುವವರು ಅಲ್ಲಮಪ್ರಭುಗಳು. ನಡೆಯುತ್ತಿರುವುದು ಪರತತ್ತ್ವದ ಮಾತು. ಅಂತಹ ಸ್ಥಳದಲ್ಲಿ ಅಕ್ಕಿ ಆಯಲು ಹೊತ್ತಾಯಿತೆಂದು ಹೇಳಲು ಎಷ್ಟು ಜನರಿಗೆ ಎದೆ ಬರುತ್ತದೆ? ನಮ್ಮ ಸಭೆಗಳಲ್ಲಿ ಹೀಗಾಗಿದ್ದರೆ ಆ ತಾಯಿಯನ್ನು ಬಾಗಿಲಲ್ಲಿಯೇ ತಡೆದು ನಿಲ್ಲಿಸುತ್ತಿದ್ದೆವು. ಕಾರ್ಯದರ್ಶಿಯಾಗಿ ತಡೆಯುವವರಲ್ಲಿ ನಾವೇ ಮೊದಲಿಗರಾಗಿರುತ್ತಿದ್ದೆವು. ಲಕ್ಕಮ್ಮನವರು ಪತಿಯನ್ನು ಜರೆಯಲಿಲ್ಲ, ಸಭೆಯನ್ನೂ ಹಗುರ ಮಾಡಲಿಲ್ಲ. ಆಳ್ದನೆಂದೇ ಗೌರವದಿಂದ ಕರೆದು ಹೇಳಬೇಕಾದ್ದನ್ನು ಹೇಳಿದರು. ಮಾರಯ್ಯನವರೂ ಸಭೆಯ ಮುಂದೆ ಮುಖಭಂಗವಾಯಿತೆಂದು ಮುನಿಯಲಿಲ್ಲ. ಎದ್ದರು, ಮಹಾಮನೆಯ ಅಂಗಳದತ್ತ ಬೇಗ ಬೇಗ ನಡೆದರು. ಪ್ರಭುಗಳ ಮಾತು ಅವರಿಗೆ ಬೇಡವಾಗಿತ್ತೆಂದಲ್ಲ. ಆ ಹೊತ್ತಿಗೆ ಬೇಕಾಗಿದ್ದ ಮಾತು ಮಡದಿಯಿಂದ ಬಂದಿತ್ತು, ಅದನ್ನು ಗುರುತಿಸುವ ಬುದ್ಧಿ ಅವರಿಗಿತ್ತು.

ಮುಂದಿನದು ಎಲ್ಲರೂ ಬಲ್ಲ ಪ್ರಸಂಗ. ಹೊತ್ತು ಮೀರಿತೆಂಬ ಆತುರದಲ್ಲಿ ಮಾರಯ್ಯನವರು ಆ ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಅವರ ನಿಷ್ಠೆಯನ್ನು ಒರೆಗೆ ಹಚ್ಚಲು ಬಸವಣ್ಣನವರೇ ಅಂಗಳದಲ್ಲಿ ಹೆಚ್ಚು ಕಾಳು ಚೆಲ್ಲಿಸಿದ್ದರೆಂದು ಭಕ್ತರ ಬಾಯಲ್ಲಿ ಕಥೆ ಬೆಳೆದು ಬಂದಿದೆ. ಮಾರಯ್ಯನವರು ಮನೆಗೆ ಬಂದು ಸೆರಗಿನ ಗಂಟು ಬಿಚ್ಚಿದಾಗ ಲಕ್ಕಮ್ಮನವರಿಗೆ ಅಳತೆ ತಪ್ಪಿದ್ದು ಕಂಡಿತು. ನಿತ್ಯ ಬರುತ್ತಿದ್ದುದು ಎಷ್ಟು, ಇಂದು ಬಂದದ್ದು ಎಷ್ಟು ಎಂಬುದು ಅವರ ಕೈಗೆ ಗೊತ್ತು. ಒಂದು ಅಳತೆಯನ್ನು ಮೀರಿ ಎರಡು ಅಳತೆ ಬಂದಿದೆಯಲ್ಲ, ಇದು ನಿಮ್ಮ ಮನಸ್ಸಿನ ಕೆಲಸವೋ, ಬಸವಣ್ಣನವರ ಅನುಮಾನದ ಕೆಲಸವೋ ಎಂಬ ಅರ್ಥದಲ್ಲಿ ಅವರು ಕೇಳಿದರು. ಆಸೆ ಎಂಬುದು ಅರಸರಿಗೆ ಇರಬಹುದು, ಶಿವಭಕ್ತರಿಗೆ ಅದೇಕೆ ಎಂದರು. ಹೆಚ್ಚಾದುದನ್ನು ಎಲ್ಲಿಂದ ತಂದರೋ ಅಲ್ಲಿಯೇ ಸುರಿದು ಬರಬೇಕೆಂದು ತಿಳಿಸಿದರು.

ಇಲ್ಲಿ ಮಾರಯ್ಯನವರ ಪರವಾಗಿ ವಾದ ಹೂಡುವುದು ಬಹಳ ಸುಲಭ. ಅಕ್ಕಿ ಕದ್ದದ್ದಲ್ಲ. ನೆಲದಲ್ಲಿ ಬಿದ್ದಿದ್ದು. ಆಯದೆ ಬಿಟ್ಟಿದ್ದರೆ ಯಾರ ಹೊಟ್ಟೆಗೂ ಹೋಗುತ್ತಿರಲಿಲ್ಲ. ತಂದದ್ದು ತಮಗಾಗಿ ಅಲ್ಲ, ದಾಸೋಹಕ್ಕೆ. ಎರಡು ಜನ ಹೆಚ್ಚು ಉಂಡರೆ ಶಿವನಿಗೇನು ಕೋಪ? ನಾಳೆ ಮಳೆ ಬಂದು ಅಂಗಳದಲ್ಲಿ ಕಾಳು ಸಿಗದಿದ್ದರೆ ಇದೇ ನೆರವಿಗೆ ಬಂದೀತು. ಹೀಗೆ ಪ್ರತಿಯೊಂದು ಮಾತೂ ಸರಿಯಾಗಿಯೇ ಕಾಣುತ್ತದೆ. ತಪ್ಪು ಕೆಲಸವನ್ನು ತಪ್ಪೆಂದು ತಿಳಿಯಲು ಯಾರ ಮಾರ್ಗದರ್ಶನವೂ ಬೇಕಾಗುವುದಿಲ್ಲ. ಒಳ್ಳೆಯ ಕೆಲಸದ ಬಟ್ಟೆ ತೊಟ್ಟು ಬರುವ ಆಸೆಯನ್ನು ಗುರುತಿಸಲು ಇನ್ನೊಂದು ಜೊತೆ ಕಣ್ಣು ಬೇಕಾಗುತ್ತದೆ. ಮಾರಯ್ಯನವರಂತಹ ಕಾಯಕಯೋಗಿಗೂ ಅದು ಬೇಕಾಯಿತು. ನಾಳೆಗೆಂದು ಇಟ್ಟುಕೊಂಡ ಒಂದು ಹಿಡಿ ಅಕ್ಕಿಯ ಜೊತೆಗೆ ನಾಳೆಯ ಭಯವೂ ಮನೆಯೊಳಗೆ ಬಂದು ಕೂರುತ್ತದೆಂಬುದನ್ನು ಲಕ್ಕಮ್ಮನವರು ಅರಿತಿದ್ದರು.

ಇನ್ನೊಂದನ್ನು ಗಮನಿಸಬೇಕು. ಲಕ್ಕಮ್ಮನವರು ಪತಿಯನ್ನು ಆಸೆಬುರುಕರೆಂದು ತೀರ್ಪು ಕೊಟ್ಟು ಮಾತು ಮುಗಿಸಲಿಲ್ಲ. ನಿಮ್ಮ ಮನಸ್ಸೋ, ಬಸವಣ್ಣನವರ ಅನುಮಾನವೋ ಎಂದು ಪ್ರಶ್ನೆಯಾಗಿ ಇಟ್ಟರು. ಪತಿಗೆ ತನ್ನೊಳಗೆ ತಾನು ನೋಡಿಕೊಳ್ಳಲು ಎಡೆ ಉಳಿಯಿತು. ಅಷ್ಟೇ ಅಲ್ಲ, ಪರೀಕ್ಷೆಗಿಟ್ಟವರು ಬಸವಣ್ಣನವರೇ ಆಗಿದ್ದರೆ ಅವರಿಗೂ ಉತ್ತರ ಹೋಗಬೇಕೆಂಬ ಸ್ವಾಭಿಮಾನ ಆ ಪ್ರಶ್ನೆಯಲ್ಲಿತ್ತು. ಬಿಜ್ಜಳನ ಭಂಡಾರವನ್ನು ನೋಡಿಕೊಳ್ಳುತ್ತಿದ್ದ ಬಸವಣ್ಣನವರು ಎಲ್ಲಿ, ಅವರ ಅಂಗಳದ ಕಾಳು ಆಯುವವರ ಮಡದಿ ಎಲ್ಲಿ! ಮಾರಯ್ಯನವರು ಮರುಮಾತನಾಡದೆ ಹಿಂದಿರುಗಿ ಹೋಗಿ ಹೆಚ್ಚಿನ ಅಕ್ಕಿಯನ್ನು ಅದೇ ಅಂಗಳದಲ್ಲಿ ಸುರಿದು ಬಂದರು. ಬಸವಣ್ಣನವರಿಗೆ ಈ ದಂಪತಿಗಳ ನಿಲುವು ಮನವರಿಕೆಯಾಯಿತು. ಉಳಿದ ನಿತ್ಯದ ಅಳತೆಯ ಅಕ್ಕಿಯಿಂದಲೇ ಲಕ್ಕಮ್ಮನವರು ಲಕ್ಷದ ತೊಂಬತ್ತಾರು ಸಾವಿರ ಜಂಗಮರಿಗೆ ದಾಸೋಹ ನಡೆಸಿದರೆಂದು ಪರಂಪರೆ ನಂಬುತ್ತದೆ.

ನಮ್ಮ ಮಠದ ಉಗ್ರಾಣದ ಒಂದು ಸಂಗತಿಯನ್ನು ಇಲ್ಲಿ ಮುಚ್ಚಿಡದೆ ಹೇಳುತ್ತೇವೆ. ಕೆಲವು ವರ್ಷಗಳ ಹಿಂದೆ ಜಾತ್ರೆಯ ದಾಸೋಹಕ್ಕೆ ಊರೂರಿಗೆ ಹೋಗಿ ಧಾನ್ಯ ಸಂಗ್ರಹಿಸುವಾಗ, ಕಡಿಮೆ ಬೀಳಬಾರದೆಂಬ ಅಂಜಿಕೆಯಿಂದ ನಾವು ಬೇಕಾದುದಕ್ಕಿಂತ ಬಹಳ ಹೆಚ್ಚು ಕೇಳಿದೆವು. ಭಕ್ತರು ಇಲ್ಲವೆನ್ನಲಿಲ್ಲ. ಅದು ಮಳೆ ಕೈಕೊಟ್ಟ ವರ್ಷವಾಗಿತ್ತು. ದಾಸೋಹದ ಅಡುಗೆಯನ್ನು ಮೊದಲಿನಿಂದ ನೋಡಿಕೊಂಡು ಬಂದಿರುವ ಹಿರಿಯ ತಾಯಿಯೊಬ್ಬರು ಇಷ್ಟೊಂದು ಏಕೆ ಎಂದು ಕೇಳಿದ್ದರು. ಲೆಕ್ಕ ನಮಗೆ ಗೊತ್ತಿದೆ ಎಂಬ ಧಾಟಿಯಲ್ಲಿ ನಾವು ಉತ್ತರಿಸಿದೆವು. ಜಾತ್ರೆ ಮುಗಿದ ಮೇಲೆ ಚೀಲಗಳು ಉಳಿದವು, ಮಳೆಗಾಲದಲ್ಲಿ ಜೋಳಕ್ಕೆ ನುಸಿ ಬಿದ್ದಿತು. ಚೀಲ ಬಿಚ್ಚಿ ಬಿಸಿಲಿಗೆ ಹರಡುವಾಗ ಆ ತಾಯಿ ನಮ್ಮನ್ನು ಏನೂ ಅನ್ನಲಿಲ್ಲ. ಒಬ್ಬ ರೈತ ತನ್ನ ಮನೆಯ ಹಗೇವಿನಿಂದ ತೆಗೆದುಕೊಟ್ಟ ಜೋಳ ಅದರಲ್ಲಿತ್ತೆಂಬುದು ನಮಗೆ ತಿಳಿದಿತ್ತು. ಕನ್ನಡ ಎಂ.ಎ. ತರಗತಿಯಲ್ಲಿ ಲಕ್ಕಮ್ಮನವರ ವಚನಗಳನ್ನು ಓದಿ, ಪರೀಕ್ಷೆಯಲ್ಲಿ ಟಿಪ್ಪಣಿ ಬರೆದವರು ನಾವು. ಅಂದು ಅಂಗಳದಲ್ಲಿ ನುಸಿ ಹಿಡಿದ ಜೋಳವನ್ನು ಕೈಯಾಡಿಸುತ್ತಿದ್ದಾಗ ಆ ವಚನಗಳು ನಮಗೆ ಮೊದಲ ಬಾರಿಗೆ ತಿಳಿದಂತಾಯಿತು. ಈಗ ಊರುಗಳಿಗೆ ಪತ್ರ ಹೋಗುವ ಮುನ್ನ ಅಡುಗೆಮನೆಯಲ್ಲಿ ಕೇಳಿಕೊಂಡು ಬರುತ್ತೇವೆ. ಕಳೆದ ಸಲ ಆ ತಾಯಿ ಹೇಳಿದ ಲೆಕ್ಕ ನಮ್ಮ ಅಂದಾಜಿಗಿಂತ ಆರು ಚೀಲ ಕಡಿಮೆಯಿತ್ತು. ಅಷ್ಟೇ ಸಾಕಾಯಿತು.

ಹಾಗಾದರೆ ಪ್ರಾರ್ಥನೆಯ ಸ್ಥಾನವೆಲ್ಲಿ ಎಂದು ಸದ್ಭಕ್ತರು ಕೇಳಬಹುದು. ಎರಡು ದಾರಿಗಳ ನಡುವೆ ನಿಂತಾಗ ಹೂವಿನ ಪ್ರಸಾದ ಕೇಳುವ, ದಿನ ಗಳಿಗೆ ನೋಡಿಸುವ ರೂಢಿ ನಮ್ಮ ಮನೆಗಳಲ್ಲಿ ಇನ್ನೂ ಉಳಿದಿದೆ. ಬಸವಾದಿ ಶರಣರು ಶುಭಲಗ್ನ, ರಾಶಿಬಲಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನಮಗಾಗಿ ತೀರ್ಮಾನ ಮಾಡಿಕೊಡೆಂದು ಲಿಂಗದೇವನನ್ನು ಒತ್ತಾಯಿಸುವುದು ಅವರ ಪ್ರಾರ್ಥನೆಯಾಗಿರಲಿಲ್ಲ. ಕರಸ್ಥಲದ ಇಷ್ಟಲಿಂಗದಲ್ಲಿ ದೃಷ್ಟಿಯಿಟ್ಟು ಕುಳಿತಾಗ ಮನಸ್ಸಿನ ಕೆಸರು ತಳಕ್ಕೆ ಇಳಿಯುತ್ತದೆ. ಆಗ ಯಾವ ಆಸೆ, ಯಾವ ಅಂಜಿಕೆ ನಮ್ಮನ್ನು ಎಳೆಯುತ್ತಿದೆ ಎಂಬುದು ಕಾಣುತ್ತದೆ. ಚಿತ್ತ ಶುದ್ಧವಾಗಿದ್ದು ಕಾಯಕ ಮಾಡುವವನಿಗೆ ಎತ್ತ ನೋಡಿದರೂ ಸಿರಿಯೇ ಎಂದು ಲಕ್ಕಮ್ಮನವರು ಹೇಳುವಾಗ ಈ ತಿಳಿಯಾದ ಸ್ಥಿತಿಯನ್ನೇ ಹೇಳುತ್ತಿದ್ದಾರೆಂದು ನಾವು ಭಾವಿಸುತ್ತೇವೆ. ಅವರ ಮನಸ್ಸು ತಿಳಿಯಾಗಿದ್ದುದರಿಂದ ಅಕ್ಕಿಯ ಅಳತೆ ತಪ್ಪಿದ್ದು ಕಂಡಿತು. ಮಾರಯ್ಯನವರ ಮನಸ್ಸೂ ತಿಳಿಯಾಗಿದ್ದುದರಿಂದ ಮಡದಿಯ ಮಾತು ಚುಚ್ಚಲಿಲ್ಲ. ಪೂಜೆಯನ್ನೂ ಮರೆಯಬೇಕೆಂಬ ಮಾರಯ್ಯನವರ ಮಾತನ್ನು ಹಿಡಿದುಕೊಂಡು, ಕೆಲಸವೇ ಪೂಜೆಯಾದ ಮೇಲೆ ಲಿಂಗಪೂಜೆ ಏಕೆಂದು ಕೇಳುವ ತರುಣರು ನಮ್ಮಲ್ಲಿದ್ದಾರೆ. ಲಿಂಗವನ್ನು ಅಂಗದಿಂದ ಅಗಲಿಸದೆ ಬಾಳಿದವರು ಆಡಿದ ಮಾತು ಅದು. ಮರೆಯಲು ಮೊದಲು ಅಷ್ಟು ನೆನೆದಿರಬೇಕು.

ಪ್ರಕರಣದ ಕೊನೆಯ ಭಾಗ ನಮಗೆ ಅಕ್ಕಿಯ ಪ್ರಸಂಗಕ್ಕಿಂತಲೂ ಹಿರಿದಾಗಿ ತೋರುತ್ತದೆ. ಅಕ್ಕಿಯನ್ನು ಹಿಂದಕ್ಕೆ ಸುರಿದು ಬಂದ ಮಾರಯ್ಯನವರು ಮುಂದೆ ಲಿಂಗೈಕ್ಯದ ದಾರಿಯನ್ನು ಬಯಸಿದರು. ಪ್ರಭುದೇವರಿದ್ದರು, ಬಸವಣ್ಣನವರಿದ್ದರು, ಚೆನ್ನಬಸವಣ್ಣನವರಿದ್ದರು. ಬದುಕಿನ ಆ ಅತಿ ದೊಡ್ಡ ಪ್ರಶ್ನೆಯನ್ನು ಮಾರಯ್ಯನವರು ಲಕ್ಕಮ್ಮನವರ ಮುಂದಿಟ್ಟರು. ಅಳತೆ ತಪ್ಪಿದ ಅಕ್ಕಿಯನ್ನು ಗುರುತಿಸಿದವರಿಗೆ ಇದೂ ಕಂಡೀತೆಂಬ ಭರವಸೆ ಅವರಿಗಿತ್ತು. ಮಾಡುತ್ತಿರುವ ಕಾಯಕ ಇಲ್ಲಿಯೇ ಇದೆ, ಕೈಲಾಸವೆಂಬ ಬೇರೊಂದು ಊರಿಗೆ ಹೋಗುವುದೆಂತು ಎಂಬ ದಿಕ್ಕಿನಲ್ಲಿ ಲಕ್ಕಮ್ಮನವರು ಅವರಿಗೆ ತಿಳಿಸಿಕೊಟ್ಟರು. ಹೋಗುವುದು, ಬರುವುದು, ಸೇರುವುದು ಎಂಬ ಮಾತುಗಳು ಎರಡೆಂದು ತಿಳಿದವರಿಗೆ ಮಾತ್ರ. ಗಂಡ ಹೆಂಡತಿ ಎಂಬುದೂ ಲೋಕದ ಕೂಟಕ್ಕೆ ಇಟ್ಟ ಹೆಸರು, ಅರಿವಿಗೆ ಬೇರೆ ಬೇರೆ ಒಡಲಿಲ್ಲ ಎಂಬುದು ಅವರ ನಿಲುವು. ಹಾಗೆ ತಿಳಿದ ದಂಪತಿಗಳು ಲಿಂಗದಲ್ಲಿ ಬೆರೆತರು.

ಇಂದು ನಮಗೆ ಲಕ್ಕಮ್ಮನವರ 25 ವಚನಗಳು ದೊರೆತಿವೆ. ಕರ್ನಾಟಕ ಸರ್ಕಾರ 15 ಸಂಪುಟಗಳಲ್ಲಿ ಹೊರತಂದ ಸಮಗ್ರ ವಚನ ಸಾಹಿತ್ಯದಲ್ಲಿ, ಶಿವಶರಣೆಯರ ಸಂಪುಟದಲ್ಲಿ ಅವನ್ನು ಓದಬಹುದು. ಒಂದೇ ಸಂಜೆಗೆ ಓದಿ ಮುಗಿಸುವಷ್ಟು ಚಿಕ್ಕ ರಾಶಿ ಅದು. ಅವುಗಳಲ್ಲಿ ಪತಿಯನ್ನು ಎಚ್ಚರಿಸುವ, ತಿದ್ದುವ, ಹಿಂದಕ್ಕೆ ಕಳುಹಿಸುವ ಮಾತುಗಳಿವೆ. ಅವರು ಆ ವಚನಗಳಿಗೆ ಇಟ್ಟುಕೊಂಡ ಅಂಕಿತ ಮಾರಯ್ಯಪ್ರಿಯ ಅಮರೇಶ್ವರಲಿಂಗ.